ಆರು ನಡೆಯ ಮೇಟ್ ಹಿಡಿದ ಪ್ರೋಗ್ರಾಮಿಗೆ ಎರಡು ನಡೆಯದ್ದು ಯಾಕೆ ಸಿಗಲಿಲ್ಲ?

ಪ್ರಶ್ನೆ: ನಾನು ಪೆರ್ಲದ ಹತ್ತಿರದವನು. ಇಂಜಿನಿಯರಿಂಗ್ ಎರಡನೇ ವರ್ಷ. ರಜೆಯಲ್ಲಿ ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಚೆಸ್ ಪ್ರೋಗ್ರಾಮ್ ಬರೆದೆ. ಎಷ್ಟು ಗಟ್ಟಿ ಇದೆ ಅಂತ ನೋಡಲು ಹಳೆ ಪುಸ್ತಕವೊಂದರಿಂದ 30 ಚೆಕ್‌ಮೇಟ್ ಸಮಸ್ಯೆ ಕೊಟ್ಟೆ. 21 ಬಿಡಿಸಿತು. ಆರು ನಡೆಯ ಒಂದು ಮೇಟನ್ನು ಸೆಕೆಂಡಿನೊಳಗೆ ಹಿಡಿಯಿತು. ಆದರೆ ಏಳೇ ಕಾಯಿ ಇರುವ, ಎರಡೇ ನಡೆಯ ಒಂದು ಸಮಸ್ಯೆಯಲ್ಲಿ ಬೇರೆ ನಡೆಯನ್ನೇ ಹಿಡಿದುಕೊಂಡು ಕೂತಿತು. ಇನ್ನೊಂದು ಸಮಸ್ಯೆಗೆ ಪುಸ್ತಕ 5 ನಡೆ ಅನ್ನುತ್ತದೆ, ಸ್ಟಾಕ್‌ಫಿಶ್ ಅನ್ನುವ ಪ್ರಸಿದ್ಧ ಚೆಸ್ ಪ್ರೋಗ್ರಾಮ್ 8 ಅಂತ ತೋರಿಸಿತು. ಯಾರನ್ನು ನಂಬಲಿ? ನನ್ನ ಪ್ರೋಗ್ರಾಮನ್ನು ಸರಿಯಾಗಿ ಪರೀಕ್ಷಿಸುವುದು ಹೇಗೆ?

ಉತ್ತರ: ನೀವು ಕಳಿಸಿದ ಪ್ರೋಗ್ರಾಮನ್ನು ನೀರ್ಚಾಲಿನ ನಮ್ಮ ಮನೆಯ ಚಾವಡಿಯಲ್ಲಿ ಕೂತು ಮೂರು ದಿನ ಓಡಿಸಿ ನೋಡಿದೆ. ಆಟಿಯ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಬ್ಯಾಟರಿ ಇದ್ದಷ್ಟು ಹೊತ್ತು ಕೆಲಸ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರೋಗ್ರಾಮ್ ಚೆನ್ನಾಗಿದೆ, ಬರವಣಿಗೆ ಶುದ್ಧವಾಗಿದೆ. ಆದರೆ 30ರಲ್ಲಿ 21 ಅನ್ನುವ ಲೆಕ್ಕದಿಂದ ಅದರ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಬಿಟ್ಟುಹೋದ ಒಂಬತ್ತು ಯಾವುವು, ಹುಡುಕುವಾಗ ಪ್ರೋಗ್ರಾಮ್ ನಡೆಗಳ ಮರದ ಯಾವ ಕೊಂಬೆಯನ್ನು, ಅಂದರೆ ಯಾವ ನಡೆಯ ದಾರಿಯನ್ನು, ನೋಡದೆ ಕಡಿದು ಹಾಕಿತು, ಅದನ್ನು ಕೇಳಬೇಕು. ಮೇಟ್ ಸಮಸ್ಯೆಗಳು ಇರುವುದೇ ಅದನ್ನು ಕೇಳಲಿಕ್ಕೆ.

ಎರಡು ನಡೆಯದ್ದರಿಂದಲೇ ಶುರು ಮಾಡೋಣ. ಬೋರ್ಡ್ ಇದ್ದರೆ ಕಾಯಿ ಇಟ್ಟುಕೊಳ್ಳಿ. ಬಿಳಿ: ರಾಜ ಸಿ8, ಆನೆ ಎ1, ಕಾಲಾಳು ಬಿ6. ಕಪ್ಪು: ರಾಜ ಎ8, ಒಂಟೆ ಬಿ8, ಕಾಲಾಳುಗಳು ಎ7 ಮತ್ತು ಬಿ7. ಬಿಳಿಯ ಸರದಿ. ಇದು 19ನೇ ಶತಮಾನದ ಅಮೆರಿಕದ ಆಟಗಾರ ಪಾಲ್ ಮಾರ್ಫಿಯ ಹೆಸರಿನಲ್ಲಿ ಪ್ರಸಿದ್ಧವಾದ ಸಮಸ್ಯೆ. ಉತ್ತರ ಆನೆ ಎ6! ಚೆಕ್ ಇಲ್ಲ, ಹೊಡೆತ ಇಲ್ಲ. ಆನೆಯನ್ನು ಸುಮ್ನೆ ತಂದು ಬಿ7ರ ಕಾಲಾಳಿನ ಬಾಯಿಗೆ ಇಟ್ಟಹಾಗೆ ಕಾಣುತ್ತದೆ.

ಈಗ ಕಪ್ಪು ಏನು ಮಾಡಬಹುದು ನೋಡಿ. ಎ7ರ ಕಾಲಾಳು ಬಿ6ನ್ನು ಹೊಡೆಯುವ ಹಾಗಿಲ್ಲ, ಹೊಡೆದರೆ ಎ ಸಾಲು ತೆರೆದು ಅದರ ರಾಜನಿಗೇ ಆನೆಯ ಚೆಕ್ ಬೀಳುತ್ತದೆ. ಮುಂದೆ ಹೋಗಲು ಆನೆ ಅಡ್ಡ ಇದೆ. ಬಿ7ರ ಕಾಲಾಳು ಆನೆಯನ್ನು ಹೊಡೆದರೆ, ಬಿಳಿ ಕಾಲಾಳು ಬಿ7ಕ್ಕೆ ಬಂದು ಮೇಟ್. ಒಂಟೆ ಎಲ್ಲಿಗೆ ಸರಿದರೂ ಆನೆ ಎ7ನ್ನು ಹೊಡೆದು ಮೇಟ್. ರಾಜನಿಗೆ ಜಾಗವೇ ಇಲ್ಲ. ಅಂದರೆ ಕಪ್ಪಿಗೆ ಇರುವ ಕಷ್ಟ ಒಂದೇ, ಏನಾದರೂ ಒಂದು ನಡೆ ಆಡಲೇಬೇಕು. ‘ಈ ಸಲ ಬೇಡ, ಪಾಸ್’ ಅನ್ನುವ ಹಾಗಿದ್ದರೆ ಅದು ಬದುಕುತ್ತಿತ್ತು. ಇದಕ್ಕೆ ಚೆಸ್‌ನಲ್ಲಿ ಜುಗ್‌ಸ್ವಾಂಗ್ ಅನ್ನುತ್ತಾರೆ.

ನಿಮ್ಮ ಪ್ರೋಗ್ರಾಮಿನಲ್ಲಿ ‘ನಲ್ ಮೂವ್’ ಅಂತ ಒಂದು ಭಾಗ ಇದೆ, ಅಲ್ವಾ? ಅದರ ಯೋಚನೆ ಹೀಗೆ: ಈ ಸ್ಥಿತಿಯಲ್ಲಿ ನಾನು ಪಾಸ್ ಅಂದರೂ ಎದುರಿನವನಿಂದ ದೊಡ್ಡ ಪೆಟ್ಟು ಬೀಳದಿದ್ದರೆ, ನಿಜವಾಗಿ ನಡೆ ಆಡಿದರೆ ನನ್ನ ಸ್ಥಿತಿ ಇನ್ನೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಈ ಕೊಂಬೆಯನ್ನು ಪೂರ್ತಿ ನೋಡುವ ಅಗತ್ಯ ಇಲ್ಲ, ಕಡಿ. ಆಟದ ನಡುವೆ ಇದು ಬಹಳ ಸಲ ಸರಿ, ಸಮಯವನ್ನೂ ತುಂಬಾ ಉಳಿಸುತ್ತದೆ. ಆದರೆ ಆನೆ ಎ6ರ ನಂತರ ಕಪ್ಪು ಪಾಸ್ ಅಂದರೆ ನಿಜಕ್ಕೂ ಏನೂ ಆಗುವುದಿಲ್ಲ. ‘ಈ ಆನೆ ನಡೆಯಲ್ಲಿ ದಮ್ಮಿಲ್ಲ’ ಅಂತ ಪ್ರೋಗ್ರಾಮ್ ತೀರ್ಮಾನಿಸಿ ಬೇರೆ ಕಡೆ ತಿರುಗುತ್ತದೆ.

ಈ ಅಪಾಯ ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕೇ ರಾಜ ಮತ್ತು ಕಾಲಾಳು ಮಾತ್ರ ಉಳಿದಾಗ ನಲ್ ಮೂವ್ ಬೇಡ ಅಂತ ನೀವೂ ಒಂದು ಬೇಲಿ ಹಾಕಿದ್ದೀರಿ. ಆದರೆ ಇಲ್ಲಿ ಕಪ್ಪಿನ ಹತ್ತಿರ ಒಂದು ಒಂಟೆ ಇದೆ. ಬೇಲಿ ಹಾರಿತು. ನಾನು ಆ ಭಾಗವನ್ನು ತೆಗೆದು ಮತ್ತೆ ಓಡಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಹಾಗಂತ ನಲ್ ಮೂವನ್ನು ಪೂರ್ತಿ ಬಿಡಬೇಡಿ. ಪಾಸ್ ಅಂದಾಗ ಬಂದ ಫಲಿತಾಂಶವನ್ನು ಒಮ್ಮೆ ಸಣ್ಣ ಆಳದಲ್ಲಿ, ನಿಜವಾದ ನಡೆಗಳೊಂದಿಗೆ ಪರಿಶೀಲಿಸುವ ವಿಧಾನ ಇದೆ. ಸ್ಟಾಕ್‌ಫಿಶ್ ಕೂಡ ಹೆಚ್ಚಿನ ಆಳದಲ್ಲಿ ಹಾಗೆ ಪರಿಶೀಲಿಸುತ್ತದೆ. ನೀವೂ ಅದನ್ನು ಸೇರಿಸಿ.

ಇನ್ನು ಆರು ನಡೆಯದ್ದು ಯಾಕೆ ಸುಲಭವಾಯಿತು? ಒಂದು ಸ್ಥಿತಿಯಲ್ಲಿ ಸರಾಸರಿ 35 ನಡೆ ಸಾಧ್ಯ ಅಂತ ಇಟ್ಟುಕೊಳ್ಳಿ. ಬಿಳಿಯದ್ದು ಒಂದು, ಕಪ್ಪಿನದ್ದು ಒಂದು ಅಂತ ಆರು ಅರೆನಡೆ ನೋಡುವುದಕ್ಕೇ 35ನ್ನು ಆರು ಸಲ ಗುಣಿಸಬೇಕು. ಸುಮಾರು 184 ಕೋಟಿ ಸ್ಥಿತಿಗಳು. ಇಲ್ಲಿ ಆಲ್ಫಾ-ಬೀಟಾ ಅನ್ನುವ, ಕೊಂಬೆ ಕಡಿಯುವ ವಿಧಾನ ಕೈಹಿಡಿಯುತ್ತದೆ. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿ ಒಂದು ವಾದ ಇಡುತ್ತಾನೆ. ಎದುರಿನವನಿಂದ ಒಂದೇ ಒಂದು ಸರಿಯಾದ ಉತ್ತರ ಬಂದರೆ ಆ ವಾದ ಬಿತ್ತು. ಇನ್ನೂ ಹತ್ತು ಉತ್ತರ ಇದ್ದವಾ ಅಂತ ಯಾರೂ ಹುಡುಕುತ್ತಾ ಕೂರುವುದಿಲ್ಲ. ಆಲ್ಫಾ-ಬೀಟಾ ಮಾಡುವುದೂ ಅದನ್ನೇ. ಒಳ್ಳೆಯ ನಡೆಗಳನ್ನು ಮೊದಲು ನೋಡುವ ಅಭ್ಯಾಸ ಪ್ರೋಗ್ರಾಮಿಗೆ ಇದ್ದರೆ ಆ 184 ಕೋಟಿ ಸುಮಾರು 86 ಸಾವಿರಕ್ಕೆ ಇಳಿಯುತ್ತದೆ. ಮುಖ್ಯವಾದ ಮಾತು, ಇದರಲ್ಲಿ ನಷ್ಟ ಇಲ್ಲ. ಕಡಿದ ಕೊಂಬೆಯಲ್ಲಿ ಹಣ್ಣಿರಲಿಲ್ಲ ಅಂತ ಖಚಿತವಾದ ಮೇಲೆಯೇ ಕಡಿಯುವುದು.

ನಿಮ್ಮ ಆರು ನಡೆಯ ಸಮಸ್ಯೆಯಲ್ಲಿ ಬಿಳಿಯ ನಡೆ ಪ್ರತಿಯೊಂದೂ ಚೆಕ್. ಚೆಕ್ ಬಿದ್ದಾಗ ಕಪ್ಪಿಗೆ ಇರುವುದು ಒಂದೋ ಎರಡೋ ದಾರಿ. ಮೇಲಾಗಿ ಚೆಕ್ ಇದ್ದಲ್ಲಿ ಒಂದು ಹೆಜ್ಜೆ ಜಾಸ್ತಿ ಆಳ ನೋಡು ಅಂತ ನೀವೇ ಬರೆದಿದ್ದೀರಿ. ಮರ ಉದ್ದ ಇದೆ, ಆದರೆ ಕಂಗಿನ ಹಾಗೆ, ಕೊಂಬೆಯೇ ಇಲ್ಲ. ಮಾರ್ಫಿಯದ್ದು ಗಿಡ್ಡ ಮರ, ಆದರೆ ದಾರಿ ಇರುವುದು ಯಾರೂ ನೋಡದ ಕೊಂಬೆಯಲ್ಲಿ. ಹಾಗಾಗಿ ನಡೆಗಳ ಸಂಖ್ಯೆಯಿಂದ ಸಮಸ್ಯೆಯ ಕಷ್ಟವನ್ನು ಅಳೆಯಬೇಡಿ. ಚೆಕ್ ಇಲ್ಲದ, ಹೊಡೆತ ಇಲ್ಲದ ಸುಮ್ಮನಿರುವ ನಡೆ ಎಷ್ಟನೇದ್ದು ಅಂತ ನೋಡಿ. ಪಟ್ಟಿಯಲ್ಲಿ ಕೊನೆಗೆ ಬರುವ ನಡೆಗಳನ್ನು ಕಡಿಮೆ ಆಳದಲ್ಲಿ ನೋಡಿ ಬಿಡುವ ಪದ್ಧತಿ ಇವತ್ತಿನ ಹೆಚ್ಚಿನ ಗಟ್ಟಿ ಪ್ರೋಗ್ರಾಮುಗಳಲ್ಲಿ ಇದೆ. ಅಂಥ ಕಡೆ ಪೆಟ್ಟು ತಿನ್ನುವುದು ಯಾವಾಗಲೂ ಈ ಸುಮ್ಮನಿರುವ ನಡೆಯೇ.

ಈಗ ಸ್ಟಾಕ್‌ಫಿಶ್‌ನ 8. ಅದು ಸುಳ್ಳು ಹೇಳಲಿಲ್ಲ. 8 ನಡೆಯಲ್ಲೂ ಮೇಟ್ ಇದೆ, ಅದು ಎಲ್ಲಕ್ಕಿಂತ ಚಿಕ್ಕದ್ದಲ್ಲ ಅಷ್ಟೇ. ಸ್ಟಾಕ್‌ಫಿಶ್ ಆಟ ಗೆಲ್ಲಲು ಹುಟ್ಟಿದ್ದು. ಆಟದಲ್ಲಿ 5 ನಡೆಯ ಮೇಟಿಗೂ 8 ನಡೆಯ ಮೇಟಿಗೂ ಒಂದೇ ಅಂಕ. ಹಾಗಾಗಿ ಅದು ಬೇಗ ಆಳಕ್ಕೆ ಇಳಿಯುವುದಕ್ಕೋಸ್ಕರ ಅಗಲವನ್ನು ಬಿಟ್ಟುಕೊಡುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಡಿ, 8 ಇಳಿದು 6 ಆಗಿ 5 ಆಗುವುದನ್ನು ನೋಡಬಹುದು. ಚೆಸ್ ಪ್ರೋಗ್ರಾಮಿಗೆ ಆಜ್ಞೆ ಕೊಡುವ ಯುಸಿಐ ಭಾಷೆಯಲ್ಲಿ ‘ಗೋ ಮೇಟ್ 5’ ಅಂತ ನೇರವಾಗಿ ಕೇಳಲೂಬಹುದು. 5ಕ್ಕಿಂತ ಚಿಕ್ಕದ್ದು ಇಲ್ಲವೇ ಇಲ್ಲ, ಬೇರೆ ಉತ್ತರವೂ ಇಲ್ಲ ಅಂತ ಖಚಿತ ಬೇಕಿದ್ದರೆ ಸಮಸ್ಯೆ ಬಿಡಿಸಲೆಂದೇ ಬರೆದ ಪೊಪೈ, ಚೆಸ್ಟ್ ಥರದ ಪ್ರೋಗ್ರಾಮು ಹಿಡಿಯಿರಿ. ಅವು ಊಹೆಯ ಮೇಲೆ ಕೊಂಬೆ ಕಡಿಯುವುದಿಲ್ಲ. ನಿಧಾನ, ಆದರೆ ಹೇಳಿದ್ದು ಹೇಳಿದ್ದೇ.

ಪುಸ್ತಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಹಳೆ ಸಮಸ್ಯೆಗಳಲ್ಲಿ ರಚಿಸಿದವರು ಕಾಣದ ಇನ್ನೊಂದು ಉತ್ತರ ಎಷ್ಟೋ ಸಲ ಸಿಕ್ಕಿದೆ. ಅದಕ್ಕಿಂತ ಜಾಸ್ತಿ ಆಗುವ ತಪ್ಪು ನಕಲು ಮಾಡುವಾಗಿನದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವಾರಪತ್ರಿಕೆಯ ಚೆಸ್ ಚಿತ್ರಗಳನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದೆ. ಮಸಿ ಹರಡಿ ಒಂಟೆ ಕಾಲಾಳಿನ ಹಾಗೆ ಕಂಡಿತ್ತು. ಆ ತಪ್ಪು ಸ್ಥಿತಿಯನ್ನು ಹತ್ತಾರು ವರ್ಷ ಜೋಪಾನವಾಗಿ ಇಟ್ಟು, ಅದರ ಮೇಲೆ ಪ್ರೋಗ್ರಾಮು ಪರೀಕ್ಷಿಸಿ, ಇಲ್ಲದ ದೋಷವನ್ನು ಒಂದು ವಾರ ಹುಡುಕಿದ್ದೇನೆ. ನಿಮ್ಮ 30ರಲ್ಲಿ ಎರಡು ಹೀಗೇ ಇವೆ. 14ನೆಯದ್ದರಲ್ಲಿ ಬಿಳಿ ಕಾಲಾಳು ಒಂದು ಮನೆ ಆಚೆ ಕೂತಿದೆ. 27ರಲ್ಲಿ ಕಪ್ಪು ಕುದುರೆಯೇ ಇಲ್ಲ. ಆ ಎರಡೂ ಸ್ಥಿತಿಯಲ್ಲಿ ಹೇಳಿದಷ್ಟು ನಡೆಯಲ್ಲಿ ಮೇಟ್ ಇಲ್ಲ. ಅಲ್ಲಿಗೆ ನಿಮ್ಮ ಪ್ರೋಗ್ರಾಮ್ ತಪ್ಪಿದ್ದು ಒಂಬತ್ತಲ್ಲ, ಏಳು.

ಅದರಲ್ಲಿ ಮೂರು ಕಡೆ ಇನ್ನೊಂದು ವಿಚಿತ್ರ ಕಂಡಿತು. ಪ್ರೋಗ್ರಾಮ್ ‘3 ನಡೆಯಲ್ಲಿ ಮೇಟ್’ ಅನ್ನುತ್ತದೆ. ಒಂದು ನಡೆ ಆಡುತ್ತದೆ. ಮತ್ತೆ ‘3 ನಡೆಯಲ್ಲಿ ಮೇಟ್’. ಇನ್ನೊಂದು ನಡೆ. ಆಗಲೂ 3. ಮೇಟ್ ಮಾತ್ರ ಬರುವುದೇ ಇಲ್ಲ. ಇದನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನನ್ನ ಮೊದಲ ಪ್ರೋಗ್ರಾಮೂ ಇದೇ ಮಾಡಿತ್ತು, ರಾಜ ಮತ್ತು ಆನೆ ಇಟ್ಟುಕೊಂಡು ಒಂಟಿ ರಾಜನನ್ನು ಬೋರ್ಡಿನ ಸುತ್ತ ಓಡಿಸುತ್ತಲೇ ಇತ್ತು.

ಕಾರಣ ಇರುವುದು ಒಮ್ಮೆ ನೋಡಿದ ಸ್ಥಿತಿಯ ಅಂಕ ಬರೆದಿಡುವ ನೆನಪಿನ ಕೋಷ್ಟಕದಲ್ಲಿ, ಅಂದರೆ ಹ್ಯಾಶ್ ಟೇಬಲ್‌ನಲ್ಲಿ. ನೀವು ಮೇಟಿಗೆ 32000 ಅಂಕ ಇಟ್ಟು, ಬೇರಿನಿಂದ, ಅಂದರೆ ಹುಡುಕಾಟ ಶುರುವಾದ ಸ್ಥಿತಿಯಿಂದ, ಎಷ್ಟು ಅರೆನಡೆ ದೂರವೋ ಅಷ್ಟನ್ನು ಕಳೆದಿದ್ದೀರಿ. ಅದು ಸರಿಯೇ. ಹತ್ತಿರದ ಮೇಟಿಗೆ ಜಾಸ್ತಿ ಅಂಕ ಸಿಗಬೇಕಲ್ಲ. ಆದರೆ ಅದೇ ಅಂಕವನ್ನು ಹಾಗೇ ಕೋಷ್ಟಕದಲ್ಲಿ ಬರೆದಿಟ್ಟಿದ್ದೀರಿ. ಅದೇ ಸ್ಥಿತಿ ಇನ್ನೊಂದು ದಾರಿಯಲ್ಲಿ, ಬೇರಿನಿಂದ ಬೇರೆ ದೂರದಲ್ಲಿ ಬಂದಾಗ ಆ ಹಳೆ ದೂರ ಸುಳ್ಳಾಗುತ್ತದೆ. ಕುಂಬಳೆಯಲ್ಲಿ ನಿಂತು ‘ಕಾಸರಗೋಡಿಗೆ ಇಷ್ಟು ಕಿಲೋಮೀಟರ್’ ಅಂತ ಬರೆದ ಚೀಟಿಯನ್ನು ಉಪ್ಪಳದಲ್ಲಿ ತೆಗೆದು ಓದಿದ ಹಾಗೆ. ಸರಿಮಾಡುವುದು ಸುಲಭ. ಕೋಷ್ಟಕಕ್ಕೆ ಹಾಕುವಾಗ ಆ ಸ್ಥಿತಿಯ ಬೇರಿನ ದೂರವನ್ನು ಕೂಡಿಸಿ ಹಾಕಿ. ತೆಗೆಯುವಾಗ ಈಗ ನಿಂತಿರುವ ಜಾಗದ ದೂರವನ್ನು ಕಳೆದು ತೆಗೆಯಿರಿ. ನಮಗೇ ಮೇಟ್ ಆಗುವ ಋಣ ಅಂಕಕ್ಕೆ ಇದು ತಿರುಗಾಮುರುಗಾ. ಎರಡು ಸಾಲಿನ ಬದಲಾವಣೆ, ಮೂರು ಸಮಸ್ಯೆಯೂ ಬಿಡಿಸಿಕೊಂಡವು.

ಮುಂದಿನದ್ದು ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲದಿದ್ದರೂ ಆಡಲು ನಡೆಯೇ ಇಲ್ಲದೆ ಆಟ ಡ್ರಾ ಆಗುವುದು. ಮೇಟ್ ಹುಡುಕುವ ಮೊದಲ ಪ್ರೋಗ್ರಾಮು ಬಂದದ್ದು 1951ರಲ್ಲಿ. ಮ್ಯಾಂಚೆಸ್ಟರಿನ ಫೆರಾಂಟಿ ಮಾರ್ಕ್ 1 ಯಂತ್ರಕ್ಕೆ ಡೀಟ್ರಿಚ್ ಪ್ರಿನ್ಜ್ ಬರೆದದ್ದು. ಎರಡು ನಡೆಯ ಮೇಟ್ ಹುಡುಕಲು ಅದಕ್ಕೆ ಸುಮಾರು 15 ನಿಮಿಷ ಬೇಕಾಯಿತು. ಅದರಲ್ಲಿ ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವುದು) ಇರಲಿಲ್ಲ, ಬಡ್ತಿ (ಕೊನೆಯ ಸಾಲು ತಲುಪಿದ ಕಾಲಾಳು ಬೇರೆ ಕಾಯಿ ಆಗುವುದು) ಇರಲಿಲ್ಲ, ಎನ್‌ಪಾಸಾಂ (ಎರಡು ಮನೆ ಹಾರಿದ ಕಾಲಾಳನ್ನು ಪಕ್ಕದ ಕಾಲಾಳು ಅದು ಒಂದೇ ಮನೆ ಹೋದ ಹಾಗೆ ಹೊಡೆಯುವುದು) ಇರಲಿಲ್ಲ, ಮೇಟ್ ಮತ್ತು ಸ್ಟೇಲ್‌ಮೇಟ್ ನಡುವೆ ವ್ಯತ್ಯಾಸವೂ ಇರಲಿಲ್ಲ. ಅಂದಿನ ಯಂತ್ರದಲ್ಲಿ ಅಷ್ಟು ಮಾಡಿದ್ದೇ ದೊಡ್ಡದು. ನನಗೆ ಇದರಲ್ಲಿ ಇಷ್ಟವಾಗುವುದು ಬೇರೆ. ಪ್ರಿನ್ಜ್ ಬಿಟ್ಟ ಆ ನಾಲ್ಕು ವಿಷಯಗಳಲ್ಲೇ ಇವತ್ತಿಗೂ ಹೊಸಬರ ಪ್ರೋಗ್ರಾಮು ಎಡವುವುದು.

ಸ್ಟೇಲ್‌ಮೇಟ್, ಬಡ್ತಿ ಎರಡನ್ನೂ ಒಟ್ಟಿಗೆ ಪರೀಕ್ಷಿಸಲು ನಾಲ್ಕೇ ಕಾಯಿಯ ಸಾವೇದ್ರಾ ಸ್ಥಿತಿಗಿಂತ ಚಂದದ್ದು ನನಗೆ ಗೊತ್ತಿಲ್ಲ. ಬಿಳಿ: ರಾಜ ಬಿ6, ಕಾಲಾಳು ಸಿ6. ಕಪ್ಪು: ರಾಜ ಎ1, ಆನೆ ಡಿ5. ಬಿಳಿಯ ಸರದಿ. ಕಾಲಾಳು ಸಿ7ಕ್ಕೆ ಹೋಗುತ್ತದೆ. ಕಪ್ಪು ಆನೆ ಡಿ6ರಿಂದ ಚೆಕ್ ಕೊಡುತ್ತದೆ. ರಾಜ ಬಿ5, ಆನೆ ಡಿ5 ಚೆಕ್. ರಾಜ ಬಿ4, ಆನೆ ಡಿ4 ಚೆಕ್. ರಾಜ ಬಿ3, ಆನೆ ಡಿ3 ಚೆಕ್. ರಾಜ ಸಿ2. ಈಗ ಕಪ್ಪಿನ ಉಪಾಯ, ಆನೆ ಡಿ4! ಬಿಳಿ ಆಸೆಯಿಂದ ರಾಣಿಯನ್ನು ಪಡೆದರೆ ಆನೆ ಸಿ4ಕ್ಕೆ ಬಂದು ಚೆಕ್. ರಾಣಿ ಅದನ್ನು ಹೊಡೆಯಲೇಬೇಕು. ಹೊಡೆದ ಕೂಡಲೇ ಕಪ್ಪು ರಾಜನಿಗೆ ಚೆಕ್ ಇಲ್ಲ, ನಡೆಯೂ ಇಲ್ಲ. ಡ್ರಾ.

1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಇದು ಡ್ರಾ ಅಂತಲೇ ಬಂತು. ಅದೇ ಊರಿನಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಫರ್ನಾಂಡೋ ಸಾವೇದ್ರಾ ಒಂದು ನಡೆ ಕಂಡರು. ಸಿ8ರಲ್ಲಿ ರಾಣಿ ಬೇಡ, ಆನೆ ಸಾಕು! ಈಗ ಸಿ4ರಲ್ಲಿ ಹೊಡೆದರೂ ಸ್ಟೇಲ್‌ಮೇಟ್ ಇಲ್ಲ. ಬಿಳಿ ಆನೆ ಎ8ಕ್ಕೆ ಬಂದರೆ ಮೇಟ್ ತಪ್ಪದು, ಹಾಗಾಗಿ ಕಪ್ಪು ಆನೆ ಎ4ಕ್ಕೆ ಓಡಬೇಕು. ಆಗ ರಾಜ ಬಿ3. ಒಂದೇ ನಡೆಯಲ್ಲಿ ಆನೆಗೂ ಪೆಟ್ಟು, ಸಿ1ರಲ್ಲಿ ಮೇಟಿನ ಬೆದರಿಕೆಯೂ. ಆಟ ಮುಗಿಯಿತು. ಎಷ್ಟೋ ಪ್ರೋಗ್ರಾಮರುಗಳು ವೇಗ ಉಳಿಸಲು ಆನೆ, ಒಂಟೆಯ ಬಡ್ತಿಯನ್ನು ಬಿಟ್ಟುಬಿಡುತ್ತಾರೆ. ಅಂಥ ಪ್ರೋಗ್ರಾಮಿಗೆ ಇದು ಯಾವ ಕಾಲಕ್ಕೂ ಸಿಗುವುದಿಲ್ಲ. ನಿಮ್ಮದು ಸರಿಯಾಗಿ ಬಿಡಿಸಿತು. ಇದನ್ನು ನೆನಪಿಡಿ, ಕೊನೆಗೆ ಇಲ್ಲಿಗೇ ಬರುತ್ತೇನೆ.

ಎನ್‌ಪಾಸಾಂಗೆ ನಾನೇ ಒಂದು ಜೋಡಿ ಸ್ಥಿತಿ ಕಟ್ಟಿದೆ. ಬಿಳಿ: ರಾಜ ಎಫ್6, ಒಂಟೆ ಸಿ1, ಕಾಲಾಳುಗಳು ಎಫ್3 ಮತ್ತು ಜಿ2. ಕಪ್ಪು: ರಾಜ ಎಚ್5, ಕಾಲಾಳು ಎಚ್4. ಬಿಳಿ ಜಿ2ರ ಕಾಲಾಳನ್ನು ಎರಡು ಮನೆ ತಳ್ಳಿ ಜಿ4ರಲ್ಲಿ ಚೆಕ್ ಕೊಡುತ್ತದೆ. ಜಿ6, ಜಿ5 ಬಿಳಿ ರಾಜನ ಕಣ್ಣಲ್ಲಿ. ಎಚ್6 ಒಂಟೆಯ ಕಣ್ಣಲ್ಲಿ. ಜಿ4ರ ಕಾಲಾಳಿಗೆ ಎಫ್3ರ ಕಾವಲು. ಮೇಟ್ ಅಂತ ಕಾಣುತ್ತದೆ. ಆದರೆ ಅಲ್ಲ. ಎಚ್4ರ ಕಾಲಾಳು ಎನ್‌ಪಾಸಾಂ ಹೊಡೆದು ಜಿ3ಕ್ಕೆ ಹೋಗುತ್ತದೆ, ಚೆಕ್ ಕೊಟ್ಟ ಕಾಲಾಳೇ ಮಾಯ. ಈಗ ಅದೇ ಸ್ಥಿತಿಗೆ ಎಚ್1ರಲ್ಲಿ ಒಂದು ಬಿಳಿ ಆನೆ ಸೇರಿಸಿ. ಮತ್ತೆ ಜಿ4. ಈ ಸಲ ಎಚ್4ರ ಕಾಲಾಳು ಪಕ್ಕಕ್ಕೆ ಸರಿದರೆ ಎಚ್ ಸಾಲು ತೆರೆದು ಆನೆಯ ಚೆಕ್ ರಾಜನಿಗೆ ಬೀಳುತ್ತದೆ. ಹೊಡೆಯುವ ಹಾಗಿಲ್ಲ. ಇದು ನಿಜವಾದ ಮೇಟ್.

ನಿಮ್ಮ ಪ್ರೋಗ್ರಾಮ್ ಮೊದಲನೆಯದ್ದರಲ್ಲಿ ‘ಮೇಟ್ ಅಲ್ಲ’ ಅಂದಿತು, ಸರಿ. ಎರಡನೆಯದ್ದರಲ್ಲೂ ‘ಮೇಟ್ ಅಲ್ಲ’ ಅಂದಿತು, ತಪ್ಪು. ಎನ್‌ಪಾಸಾಂ ಹೊಡೆತದ ನಂತರ ರಾಜನಿಗೆ ಚೆಕ್ ಇದೆಯಾ ಅಂತ ನೀವು ನೋಡುತ್ತಲೇ ಇಲ್ಲ. ನಿಮ್ಮ 30 ಸಮಸ್ಯೆಗಳಲ್ಲಿ ಈ ತಪ್ಪು ಹೊರಗೆ ಬರಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಅವೆಲ್ಲ ಮೇಟ್ ಇರುವ ಸ್ಥಿತಿಗಳು, ಅದರಲ್ಲೂ ಎನ್‌ಪಾಸಾಂ ಇಲ್ಲದವು. ಹಾಗಾಗಿ ಪರೀಕ್ಷೆಗೆ ಯಾವಾಗಲೂ ಜೋಡಿ ಇಡಿ. ಮೇಟ್ ಇರುವ ಒಂದು, ಒಂದೇ ಕಾಯಿಯ ವ್ಯತ್ಯಾಸದಿಂದ ಮೇಟ್ ಇಲ್ಲದ ಇನ್ನೊಂದು. ಇಲ್ಲದ ಮೇಟನ್ನು ಇದೆ ಅನ್ನುವ ಪ್ರೋಗ್ರಾಮು, ಇರುವ ಮೇಟನ್ನು ಕಾಣದ ಪ್ರೋಗ್ರಾಮಿಗಿಂತ ಅಪಾಯ.

ಅಳತೆಯ ಬಗ್ಗೆ ಸ್ವಲ್ಪ. ಸೆಕೆಂಡಿನಲ್ಲಿ ಅಳೆಯಬೇಡಿ. ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಒಂದು ಸೆಕೆಂಡು, ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ನಾಲ್ಕು. ಎಷ್ಟು ಸ್ಥಿತಿ ನೋಡಿದ ಮೇಲೆ ಉತ್ತರ ಬಂತು ಅಂತ ಬರೆದಿಡಿ, ಆಮೇಲೆ ಕೊನೆಯವರೆಗೂ ಅದೇ ಉತ್ತರದಲ್ಲಿ ನಿಂತಿತಾ ಅಂತಲೂ ನೋಡಿ. ಒಮ್ಮೆ ಸರಿ ನಡೆ ತೋರಿಸಿ ಆಮೇಲೆ ಮನಸ್ಸು ಬದಲಿಸಿದರೆ ಅದು ಬಿಡಿಸಿದ ಲೆಕ್ಕವಲ್ಲ. ಒಂದೇ ಥ್ರೆಡ್ ಬಳಸಿ, ನಾಲ್ಕು ಥ್ರೆಡ್ ಕೊಟ್ಟರೆ ಪ್ರತಿ ಸಲವೂ ಲೆಕ್ಕ ಬದಲಾಗುತ್ತದೆ. ಒಂದು ಸಮಸ್ಯೆ ಮುಗಿದ ಮೇಲೆ ಹ್ಯಾಶ್ ಖಾಲಿ ಮಾಡಿ. 50 ನಡೆಯ ನಿಯಮದ (ಹೊಡೆತ, ಕಾಲಾಳು ನಡೆ ಯಾವುದೂ ಇಲ್ಲದೆ 50 ನಡೆ ಕಳೆದರೆ ಡ್ರಾ) ಎಣಿಕೆ ಸೊನ್ನೆಯಿಂದ ಶುರುವಾಗಿದೆಯಾ ಅಂತ ನೋಡಿಕೊಳ್ಳಿ. ಸರಿಯಾಗಿ ನೂರನೇ ಅರೆನಡೆಯಲ್ಲೇ ಮೇಟ್ ಆದರೆ ಅದು ಮೇಟೇ, ಡ್ರಾ ಅಲ್ಲ. ಇದನ್ನೂ ಒಮ್ಮೆ ಪರೀಕ್ಷಿಸಿ.

ಸ್ಟಾಕ್‌ಫಿಶ್ ಜೊತೆ ಹೋಲಿಸುವಾಗ ಎಂಡ್‌ಗೇಮ್ ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿ ಉಳಿದ ಸ್ಥಿತಿಗಳ ಉತ್ತರವನ್ನು ಮೊದಲೇ ಲೆಕ್ಕಹಾಕಿಟ್ಟ ಕೋಷ್ಟಕವನ್ನು, ಆಫ್ ಮಾಡಿಬಿಡಿ. ಸಿಝಿಜಿ ಟೇಬಲ್‌ಬೇಸಿನಲ್ಲಿ 2018ರಿಂದ ಏಳು ಕಾಯಿಯವರೆಗಿನ ಸ್ಥಿತಿಗಳ ಉತ್ತರ ಪೂರ್ತಿ ಇದೆ. ಐದು ಕಾಯಿಯವರೆಗಿನದ್ದು ಸುಮಾರು ಒಂದು ಜಿಬಿ, ನಮ್ಮಂಥವರ ಕಂಪ್ಯೂಟರಿನಲ್ಲೂ ಕೂರುತ್ತದೆ. ಅದು ತೆರೆದಿದ್ದರೆ ಸಾವೇದ್ರಾವನ್ನು ಪ್ರೋಗ್ರಾಮು ಯೋಚಿಸಿ ಬಿಡಿಸುವುದಿಲ್ಲ, ಪುಸ್ತಕ ತೆರೆದು ನೋಡುತ್ತದೆ. ಇನ್ನೊಂದು, ಸಿಝಿಜಿ ಹೇಳುವುದು ಗೆಲುವೋ ಡ್ರಾವೋ, ಮುಂದಿನ ಹೊಡೆತ ಅಥವಾ ಕಾಲಾಳು ನಡೆ ಎಷ್ಟು ದೂರ ಅನ್ನುವುದನ್ನು ಮಾತ್ರ. ಮೇಟಿನ ದೂರ ಅದರಲ್ಲಿ ಇಲ್ಲ.

ದೊಡ್ಡ ಪ್ರೋಗ್ರಾಮುಗಳನ್ನೇ ಅಲ್ಲಾಡಿಸುವ ಸಮಸ್ಯೆ ಬೇಕು ಅಂದರೆ ಹಾಲೆಂಡಿನ ಖೈಸ್ ವಾನ್ ಬ್ರೂಕೆಲೆನ್ ರಚಿಸಿದ್ದನ್ನು ನೋಡಿ. ಪ್ಲಾಸ್ಕೆಟ್ ಪಜಲ್ ಅಂತಲೇ ಹೆಸರು. 1987ರಲ್ಲಿ ಬ್ರಸೆಲ್ಸಿನ ಟೂರ್ನಮೆಂಟಿನಲ್ಲಿ ಇಂಗ್ಲೆಂಡಿನ ಆಟಗಾರ ಜೇಮ್ಸ್ ಪ್ಲಾಸ್ಕೆಟ್ ಅದನ್ನು ಅಲ್ಲಿದ್ದ ಘಟಾನುಘಟಿಗಳ ಮುಂದಿಟ್ಟರು. ಬಿಡಿಸಿದ್ದು ಹಿಂದಿನ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್. ಬಿಳಿ ನಾಲ್ಕನೇ ನಡೆಯಲ್ಲಿ ಹೊಸ ರಾಣಿಯನ್ನು ಪಡೆದು ಅದನ್ನು ಕುದುರೆಗೆ ಬಿಟ್ಟುಕೊಡಬೇಕು. ಆಮೇಲೆ ಒಂಟೆಯ ಸುಮ್ಮನಿರುವ ನಡೆಗಳು, ಒಂದಾದ ಮೇಲೆ ಒಂದು. ಕಪ್ಪು ತಡೆಯಲು ತನ್ನ ಕಾಲಾಳುಗಳನ್ನು ಕುದುರೆಯಾಗಿ ಮಾಡಿಕೊಳ್ಳುತ್ತದೆ. ಲೀಲಾದಂಥ ನರಜಾಲದ ಪ್ರೋಗ್ರಾಮಿಗೆ ಇದು ಇನ್ನೂ ಕಷ್ಟ. ಅದು ಮೊದಲು ‘ಯಾವ ನಡೆ ಸಹಜ’ ಅಂತ ಅಂದಾಜು ಮಾಡಿ ಆ ಕಡೆಯೇ ಜಾಸ್ತಿ ಹುಡುಕುತ್ತದೆ. ರಾಣಿಯನ್ನು ಎಸೆಯುವ ನಡೆ ಸಹಜವಲ್ಲವಲ್ಲ. ಇನ್ನು 200ಕ್ಕೂ ಮೀರಿದ ನಡೆಗಳ ಮೇಟ್ ರಚಿಸಿದ ಓಟ್ಟೋ ಬ್ಲಾತಿ ಇದ್ದಾರೆ. ಹಂಗೇರಿಯ ವಿದ್ಯುತ್ ಇಂಜಿನಿಯರ್, 1885ರಲ್ಲಿ ಟ್ರಾನ್ಸ್‌ಫಾರ್ಮರ್ ರೂಪಿಸಿದ ಮೂವರಲ್ಲಿ ಒಬ್ಬರು. ಅವರ ಸಮಸ್ಯೆಗಳು ಸದ್ಯ ನಿಮಗೆ ಬೇಡ. ಓದಲು ಮಾತ್ರ ಬಹಳ ಚಂದ.

ಇವನ್ನೆಲ್ಲ ಬಿಡಿಸಿದರೆ ಪ್ರೋಗ್ರಾಮ್ ಬಲಶಾಲಿಯಾಯಿತಾ? ಇಲ್ಲ. ಮೇಟ್ ಸಮಸ್ಯೆಗೋಸ್ಕರ ಕೊಂಬೆ ಕಡಿಯುವುದನ್ನು ನಿಲ್ಲಿಸಿದರೆ ಆಟದಲ್ಲಿ ನಿಧಾನವಾಗಿ ಸೋಲುತ್ತದೆ. ಬಲ ತಿಳಿಯಲು ಆಟವೇ ಆಡಿಸಬೇಕು, ಹಳೆ ಪ್ರತಿಯ ಎದುರು ಹೊಸ ಪ್ರತಿ, ಸಾವಿರಾರು ಆಟ. ಸ್ಟಾಕ್‌ಫಿಶ್‌ನವರು 2013ರಿಂದ ಫಿಶ್‌ಟೆಸ್ಟ್ ಅನ್ನುವ ವ್ಯವಸ್ಥೆಯಲ್ಲಿ ಸ್ವಯಂಸೇವಕರ ಕಂಪ್ಯೂಟರುಗಳ ಮೇಲೆ ಇದನ್ನೇ ಮಾಡುತ್ತಾರೆ. ಅದು ಆಮೇಲಿನ ಮಾತು. ನಿಮ್ಮಲ್ಲಿ ಇನ್ನೂ ನಿಯಮದ ತಪ್ಪು ಉಳಿದಿದೆ, ಮೊದಲು ಅದು.

ನೀವು ಬರೆದಿದ್ದೀರಿ, ಆರಂಭದ ಸ್ಥಿತಿಯಿಂದ ನಡೆಗಳನ್ನು ಎಣಿಸುವ ಪರ್ಫ್ಟ್ ಪರೀಕ್ಷೆ ಪಾಸಾಗಿದೆ ಅಂತ. 20, 400, 8,902, 1,97,281, 48,65,609. ಹೌದು, ಎಲ್ಲಾ ಸರಿ ಬರುತ್ತದೆ. ನಾಲ್ಕನೇ ಅರೆನಡೆಯ 1,97,281ರಲ್ಲಿ ಮೇಟ್ ಎಷ್ಟು ಅಂತಲೂ ಎಣಿಸಿದೆ. ಸರಿಯಾಗಿ 8 ಬಂತು. ಎಂಟೂ ಒಂದೇ ಹಳೆ ಮೂರ್ಖ ಮೇಟಿನ ರೂಪಗಳು. ಬಿಳಿ ಎಫ್ ಕಾಲಾಳನ್ನು ಒಂದೋ ಎರಡೋ ಮನೆ, ಜಿ ಕಾಲಾಳನ್ನು ಎರಡು ಮನೆ, ಯಾವ ಕ್ರಮದಲ್ಲಾದರೂ ತಳ್ಳಬೇಕು. ಕಪ್ಪು ಇ ಕಾಲಾಳನ್ನು ಒಂದೋ ಎರಡೋ ಮನೆ ತಳ್ಳಿ ರಾಣಿಯನ್ನು ಎಚ್4ಕ್ಕೆ ತರಬೇಕು. ಎರಡು, ಎರಡು, ಎರಡು ಗುಣಿಸಿದರೆ ಎಂಟು. ಆದರೆ ಆರಂಭದ ಸ್ಥಿತಿಯಲ್ಲಿ ಒಂದು ಕೊರತೆ ಇದೆ. ಒಂದು ಕಾಲಾಳು ಬಡ್ತಿಗೆ ತಲುಪಲು ಕನಿಷ್ಠ ಐದು ನಡೆ ಬೇಕು. ಅಂದರೆ ಒಂಬತ್ತನೇ ಅರೆನಡೆಗಿಂತ ಮೊದಲು ಬಡ್ತಿ ಬರುವುದೇ ಇಲ್ಲ. ಐದರಲ್ಲಿ ನಿಲ್ಲಿಸಿದರೆ ಬಡ್ತಿಯ ಪರೀಕ್ಷೆ ಆಗುವುದೇ ಇಲ್ಲ.

ಅದಕ್ಕೆ ಕೊನೆಯ ದಿನ ಎರಡು ಕೆಲಸ ಮಾಡಿದೆ. ಎನ್‌ಪಾಸಾಂ ತಪ್ಪನ್ನು ಸರಿಮಾಡಿಕೊಂಡು, ಸಾವೇದ್ರಾ ಸ್ಥಿತಿಯನ್ನು ಬಣ್ಣ ತಿರುಗಿಸಿ ಕೊಟ್ಟೆ. ಬೋರ್ಡನ್ನು ತಲೆಕೆಳಗು ಮಾಡಿ ಬಿಳಿಯನ್ನು ಕಪ್ಪು, ಕಪ್ಪನ್ನು ಬಿಳಿ ಮಾಡುವುದು. ಕಪ್ಪು ರಾಜ ಬಿ3, ಕಪ್ಪು ಕಾಲಾಳು ಸಿ3. ಬಿಳಿ ರಾಜ ಎ8, ಬಿಳಿ ಆನೆ ಡಿ4. ಕಪ್ಪಿನ ಸರದಿ. ಆಟ ಅದೇ, ಉತ್ತರ ಅದೇ ಇರಬೇಕು. ನಿಮ್ಮ ಪ್ರೋಗ್ರಾಮ್ ಡ್ರಾ ಅಂದಿತು.

ಆಮೇಲೆ ಕಿವಿಪೀಟ್ ಅನ್ನುವ, ಪ್ರೋಗ್ರಾಮರುಗಳು ಎಲ್ಲಾ ಕಡೆ ಬಳಸುವ ಪರೀಕ್ಷಾ ಸ್ಥಿತಿಯಿಂದ ಎಣಿಸಿದೆ. 48, 2,039, 97,862, ಮೂರೂ ಸರಿ. ನಾಲ್ಕನೇ ಅರೆನಡೆಯಲ್ಲಿ 40,85,603 ಬರಬೇಕು. ನಿಮ್ಮದು 40,78,017 ಕೊಟ್ಟಿತು. 7,586 ಕಡಿಮೆ. ಆ ಸ್ಥಿತಿಯಲ್ಲಿ ನಾಲ್ಕನೇ ಅರೆನಡೆಯಲ್ಲಿ ಬರುವ ಬಡ್ತಿಗಳೆಲ್ಲ ಕಪ್ಪಿನವು, ಒಟ್ಟು 15,172. ಅದರ ಸರಿ ಅರ್ಧ 7,586. ನಿಮ್ಮ ಕೋಡಿನಲ್ಲಿ ಕಪ್ಪು ಕಾಲಾಳಿನ ಭಾಗ ತೆರೆದು ನೋಡಿ. ಬಿಳಿಗೆ ರಾಣಿ, ಆನೆ, ಒಂಟೆ, ಕುದುರೆ ನಾಲ್ಕೂ ಬರೆದಿದ್ದೀರಿ. ಕಪ್ಪಿಗೆ ರಾಣಿ ಮತ್ತು ಕುದುರೆ ಎರಡೇ ಇವೆ. ಉಳಿದ ಎರಡನ್ನು ಸೇರಿಸಿ, 40,85,603 ಬಂದ ಮೇಲೆ ಬಣ್ಣ ತಿರುಗಿಸಿದ ಸಾವೇದ್ರಾವನ್ನು ಮತ್ತೊಮ್ಮೆ ಕೊಟ್ಟು ನೋಡಿ. ಕಾಲಾಳು ಸಿ1ಕ್ಕೆ ಬಂದು ಆನೆ ಆಗಬೇಕು.